ಕಿತ್ತುಕೊಂಡದ್ದು ಮೈಕ್, ಸುದ್ದಿಯಾದದ್ದು ದುಪಟ್ಟಾ

2019ರ ಜನವರಿ 28, ಸೋಮವಾರ. ತಿ. ನರಸೀಪುರ ತಾಲ್ಲೂಕಿನ ಗರ್ಗೇಶ್ವರಿಯಲ್ಲಿ ಒಂದು ಸಭೆ. ಅಲ್ಲಿದ್ದವರು ಮಾಜಿ ಮುಖ್ಯಮಂತ್ರಿ, ಆಗಿನ ಮೈತ್ರಿ ಸರ್ಕಾರದ ಸಮನ್ವಯ ಸಮಿತಿ ಅಧ್ಯಕ್ಷ ಸಿದ್ದರಾಮಯ್ಯ. ಆಗ ವರುಣಾ ಕ್ಷೇತ್ರದ ಶಾಸಕರು ಅವರ ಮಗ ಯತೀಂದ್ರ. ಕಾಂಗ್ರೆಸ್‌ನದೇ ಸ್ಥಳೀಯ ಕಾರ್ಯಕರ್ತೆಯೊಬ್ಬರು ಎದ್ದು ನಿಂತು, ಶಾಸಕರು ನಮ್ಮ ಕೈಗೆ ಸಿಗ್ತಾ ಇಲ್ಲ ಅನ್ನೋ ಅರ್ಥದ ದೂರು ಹೇಳಿದರು. ದನಿ ಏರಿತು, ಮೇಜು ಕುಟ್ಟಿದರು. ಸಿದ್ದರಾಮಯ್ಯನವರಿಗೆ ಸಿಟ್ಟು ಬಂತು, ಆಕೆಯ ಕೈಯಲ್ಲಿದ್ದ ಮೈಕ್ ಕಿತ್ತುಕೊಂಡರು. ಮೈಕ್ ಜೊತೆ ಆಕೆಯ ದುಪಟ್ಟಾವೂ ಕೈಗೆ ಬಂತು.

ಮುಂದಿನದು ನಿಮಗೆ ನೆನಪಿರಬಹುದು. ಆ ಕೆಲವೇ ಸೆಕೆಂಡಿನ ವಿಡಿಯೊ ರಾತ್ರಿಯೊಳಗೆ ದೇಶ ಸುತ್ತಿತು. ಬಿಜೆಪಿಯ ರಾಷ್ಟ್ರೀಯ ನಾಯಕರು ಖಂಡಿಸಿದರು. ರಾಷ್ಟ್ರೀಯ ಮಹಿಳಾ ಆಯೋಗ ತಾನಾಗಿಯೇ ಪ್ರಕರಣವನ್ನು ಗಮನಕ್ಕೆ ತೆಗೆದುಕೊಂಡಿತು. ಆಕೆ ನನಗೆ ತಂಗಿ ಇದ್ದ ಹಾಗೆ, ಹದಿನೈದು ವರ್ಷದಿಂದ ಪರಿಚಯ, ಉದ್ದ ಮಾತಾಡೋದನ್ನ ತಡೆಯಲು ಹೋದಾಗ ಆಕಸ್ಮಿಕವಾಗಿ ಆಯ್ತು ಅಂತ ಸಿದ್ದರಾಮಯ್ಯ ಸಮಜಾಯಿಷಿ ಕೊಟ್ಟರು. ನನಗೆ ಅವರ ಮೇಲೆ ಯಾವ ದೂರೂ ಇಲ್ಲ, ನಾನೇ ಹಾಗೆ ಮಾತಾಡಬಾರದಿತ್ತು ಅಂತ ಆ ಮಹಿಳೆಯೂ ಹೇಳಿದರು. ಅಲ್ಲಿಗೆ ಸುದ್ದಿ ಮುಗೀತು. ವಿಷಯವನ್ನ ಅವರೇ ಮುಗಿಸಿದ್ದರಿಂದ ಅವರ ಹೆಸರನ್ನ ನಾನಿಲ್ಲಿ ಬರೆಯೋದಿಲ್ಲ.

ಆದರೆ ಒಂದು ವಿಷಯ ನನ್ನನ್ನ ಇವತ್ತಿಗೂ ಬಿಟ್ಟಿಲ್ಲ. ಆ ದಿನ ಆಕೆ ಕೇಳಿದ್ದೇನು? ಈ ಘಟನೆ ನೆನಪಿರೋ ಹತ್ತು ಜನರನ್ನ ಕೇಳಿ ನೋಡಿ. ದುಪಟ್ಟಾ ಎಲ್ಲರಿಗೂ ಗೊತ್ತಿರುತ್ತೆ. ಪ್ರಶ್ನೆ ಯಾರಿಗೂ ಗೊತ್ತಿರಲ್ಲ.

ರಾಜಕಾರಣಿ ಹೆಣ್ಣುಮಕ್ಕಳ ಬಟ್ಟೆಯ ಬಗ್ಗೆ ಬರೆಯೋದು ಲಿಂಗ ತಾರತಮ್ಯವಾ ಅನ್ನೋ ಚರ್ಚೆ ಆಗಾಗ ಬರುತ್ತೆ. ಬಂದಾಗಲೆಲ್ಲ ನಾವು ಕೊಡೋ ಉದಾಹರಣೆಗಳು ಗೇಲಿಯವು, ಕೀಳು ಮಾತಿನವು. ಗರ್ಗೇಶ್ವರಿಯಲ್ಲಿ ಗೇಲಿ ಇರಲಿಲ್ಲ. ಬಹುತೇಕರು ಆಕೆಯ ಪರವಾಗಿಯೇ ಬರೆದರು, ಆಕೆಯ ಮಾನದ ಪರವಾಗಿಯೇ ಚೀರಾಡಿದರು. ಆದರೂ ಆಕೆಯ ಮಾತು ಮಾಯವಾಯಿತು. ಈ ಚರ್ಚೆಯನ್ನ ನಾನು ಅಲ್ಲಿಂದಲೇ ಶುರು ಮಾಡೋದು ಅದಕ್ಕೆ.

ದ್ರೌಪದಿ ಕೇಳಿದ ಪ್ರಶ್ನೆ

ಸಭೆಯ ನಡುವೆ ಹೆಣ್ಣಿನ ಸೆರಗಿಗೆ ಕೈ ಬಿತ್ತು ಅಂದ ಕೂಡಲೇ ನಮಗೆ ನೆನಪಾಗೋದು ದ್ರೌಪದಿ. ನಾಟಕ, ಯಕ್ಷಗಾನ, ಸೀರಿಯಲ್ಲು, ಕ್ಯಾಲೆಂಡರು, ಎಲ್ಲದರಲ್ಲೂ ಮುಗಿಯದ ಆ ಸೀರೆ ಇದೆ. ಆದರೆ ಕತೆಯಲ್ಲಿ ಸೀರೆಗಿಂತ ಮೊದಲು ಒಂದು ಪ್ರಶ್ನೆ ಬರುತ್ತೆ. ಧರ್ಮರಾಯ ತನ್ನನ್ನ ತಾನು ಸೋತ ಮೇಲೆ ನನ್ನನ್ನ ಪಣಕ್ಕಿಡುವ ಅಧಿಕಾರ ಅವನಿಗೆಲ್ಲಿತ್ತು ಅಂತ ಆಕೆ ಕೇಳ್ತಾಳೆ. ಶುದ್ಧ ಕಾನೂನಿನ ಪ್ರಶ್ನೆ. ಭೀಷ್ಮನಿಗೂ ನೇರ ಉತ್ತರ ಕೊಡಲಾಗಲಿಲ್ಲ. ಜನರ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಮಾತ್ರ ಸೀರೆ.

ಗರ್ಗೇಶ್ವರಿಯಲ್ಲೂ ಆದದ್ದು ಇದೇ. ಸಾರ್ವಜನಿಕ ಸಭೆಯಲ್ಲಿ ಪ್ರಶ್ನೆ ಕೇಳ್ತಿದ್ದವರ ಕೈಯಿಂದ ಮೈಕ್ ಕಿತ್ತುಕೊಂಡದ್ದು ಪ್ರಜಾಪ್ರಭುತ್ವದ ಸುದ್ದಿ. ದುಪಟ್ಟಾ ಜಾರದೇ ಇದ್ದಿದ್ದರೂ ಅದು ಅಷ್ಟೇ ದೊಡ್ಡ ತಪ್ಪು. ಆದರೆ ಆಗ ವಿಡಿಯೊ ಮೈಸೂರು ದಾಟುತ್ತಿತ್ತಾ ಅನ್ನೋದು ಅನುಮಾನ. ದುಪಟ್ಟಾ ಬಂದದ್ದೇ ತಡ, ಮಾತಿನ ಹಕ್ಕಿನ ಸುದ್ದಿ ಮಾನದ ಸುದ್ದಿಯಾಗಿಬಿಟ್ಟಿತು. ಮಾನದ ಸುದ್ದಿಯಲ್ಲಿ ಹೆಣ್ಣಿಗೆ ಎರಡೇ ಪಾತ್ರ, ಒಂದೋ ಸಂತ್ರಸ್ತೆ, ಇಲ್ಲವೇ ಸುಳ್ಳುಗಾತಿ. ದೂರು ಹೊತ್ತು ಬಂದ ರಾಜಕೀಯ ಕಾರ್ಯಕರ್ತೆ ಅನ್ನೋ ಮೂರನೇ ಪಾತ್ರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 'ನನಗೆ ದೂರಿಲ್ಲ' ಅಂತ ಆಕೆ ಹೇಳಿದ ಮೇಲೆ ಬರೆಯಲು ಏನೂ ಉಳಿಯಲಿಲ್ಲ ಅಂತ ನಮಗೆ ಅನ್ನಿಸಿತಲ್ಲ, ಅದಕ್ಕೆ ಕಾರಣ ಇದೇ.

ದುಪಟ್ಟಾ ಜಾರಿದ್ದು ಸಣ್ಣ ವಿಷಯ ಅಂತ ನಾನು ಹೇಳ್ತಿಲ್ಲ. ನೂರಾರು ಜನರ ಎದುರು ಯಾರಿಗೇ ಆದರೂ ಅದು ಮುಜುಗರವೇ. ಬರೆಯಲೇಬೇಕಿತ್ತು. ಆದರೆ ಅದರ ಪಕ್ಕದಲ್ಲಿ ಆಕೆಯ ದೂರಿಗೂ ನಾಲ್ಕು ಸಾಲು ಬೇಕಿತ್ತು.

ನಾನೂ ಬರೆದವನೇ

ಬೇರೆಯವರ ಮೇಲೆ ಕಲ್ಲೆಸೆಯುವ ಮುಂಚೆ ನನ್ನದನ್ನ ಹೇಳಿಬಿಡ್ತೀನಿ. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್. ನಾನಾಗ ಒಂದು ಸುದ್ದಿಸಂಸ್ಥೆಯ ಡೆಸ್ಕ್‌ನಲ್ಲಿದ್ದೆ. ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಅವತ್ತು ಉಟ್ಟಿದ್ದು ಕೆಂಪು ಇಳಕಲ್ ಸೀರೆ, ಅದರ ಮೇಲೆ ನವಲಗುಂದದ ಕಸೂತಿ. ಬೆಳಗ್ಗೆ ಫೋಟೋ ಬಂದ ಹತ್ತೇ ನಿಮಿಷದಲ್ಲಿ ನಾನು ಸೀರೆ ಸುದ್ದಿ ಮಾಡಿ ಹಾಕಿದ್ದೆ. ಹಿಂದಿನ ವರ್ಷಗಳಲ್ಲಿ ಉಟ್ಟ ಸೀರೆಗಳ ಫೋಟೋ ಗ್ಯಾಲರಿಯೂ ಜೊತೆಗಿತ್ತು. ಚೆನ್ನಾಗಿ ಓಡಿತು.

ಅದೇ ಭಾಷಣದಲ್ಲಿ ಅವರು ಭದ್ರಾ ಮೇಲ್ದಂಡೆ ಯೋಜನೆಗೆ ₹5,300 ಕೋಟಿ ನೆರವು ಘೋಷಿಸಿದ್ದರು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್ ಒಣಭೂಮಿಗೆ ನೀರು ಕೊಡುವ ಯೋಜನೆ ಅದು. ಕರ್ನಾಟಕದ ಮಟ್ಟಿಗೆ ಅವತ್ತಿನ ನಿಜವಾದ ಸುದ್ದಿ. ಅದಕ್ಕೆ ನಾನು ಬರೆದದ್ದು ಎರಡು ಪ್ಯಾರಾ. ಯಾವ ಷರತ್ತಿನ ಮೇಲೆ ಬರುತ್ತೆ, ಯಾವಾಗ ಬರುತ್ತೆ ಅಂತ ಅವತ್ತು ಕೇಳಲೇ ಇಲ್ಲ. ಆಮೇಲೆ ರಾಜ್ಯ ಸರ್ಕಾರ ವರ್ಷಗಟ್ಟಲೆ 'ಆ ಹಣ ಬಂದೇ ಇಲ್ಲ' ಅಂತ ಹೇಳುತ್ತಾ ಬಂತು. ಅಷ್ಟೊತ್ತಿಗೆ ಸೀರೆಯ ಎಳೆ ಎಳೆಯೂ ಓದುಗರಿಗೆ ಗೊತ್ತಿತ್ತು.

ಇಲ್ಲಿ ನಷ್ಟ ಆದದ್ದು ನಿರ್ಮಲಾ ಅವರಿಗಲ್ಲ. ಸೀರೆ ಸುದ್ದಿಯಿಂದ ಯಾವ ಹಣಕಾಸು ಮಂತ್ರಿಗೂ ತೊಂದರೆ ಇಲ್ಲ, ಒಂದು ರೀತಿಯಲ್ಲಿ ಲಾಭವೇ. ಕಷ್ಟದ ಪ್ರಶ್ನೆ ಬರೋ ಹೊತ್ತಿನಲ್ಲಿ ಕಸೂತಿ ಬರುತ್ತೆ. ನಷ್ಟ ಆದದ್ದು ಚಿತ್ರದುರ್ಗದ ರೈತನಿಗೆ. ಹೆಣ್ಣುಮಗಳ ಉಡುಪಿನ ಬಗ್ಗೆ ಬರೆದರೆ ಆಕೆಗೆ ಅವಮಾನ ಅನ್ನೋದು ಅರ್ಧ ಮಾತು. ಅಧಿಕಾರದಲ್ಲಿರೋ ಹೆಣ್ಣನ್ನ ಪ್ರಶ್ನೆ ಮಾಡಲು ಯೋಗ್ಯಳಾದ ರಾಜಕಾರಣಿ ಅಂತಲೇ ನಾವು ನೋಡ್ತಿಲ್ಲ ಅನ್ನೋದು ಇನ್ನರ್ಧ. ಪಿ. ಚಿದಂಬರಂ ಪಂಚೆ ಉಟ್ಟುಕೊಂಡೇ ಬಜೆಟ್ ಓದಿದರು. ಆ ಪಂಚೆ ಯಾವೂರ ಮಗ್ಗದ್ದು ಅಂತ ನಾನಂತೂ ಓದಿಲ್ಲ.

ಗಂಡಸರ ಬಟ್ಟೆ ಬಗ್ಗೆ ಬರೆಯಲ್ವಾ?

ಬರೀತೀವಿ. ಇದು ಸರಿಯಾದ ಆಕ್ಷೇಪವೇ. 2015ರಲ್ಲಿ ಪ್ರಧಾನಿ ಮೋದಿಯವರ ಹೆಸರು ನೇಯ್ದ ಸೂಟಿನ ಬಗ್ಗೆ ಎಷ್ಟು ಬರೆದೆವು! ಹರಾಜಿನಲ್ಲಿ ಅದು ₹4.31 ಕೋಟಿಗೆ ಹೋಯಿತು. 2016ರಲ್ಲಿ ಸಿದ್ದರಾಮಯ್ಯನವರ ಹ್ಯೂಬ್ಲೋ ವಾಚು ವಿಧಾನಸಭೆಯನ್ನೇ ಅಲ್ಲಾಡಿಸಿತು, ಕೊನೆಗೆ ಅದು ಸರ್ಕಾರದ ಆಸ್ತಿಯಾಯಿತು. 2022ರಲ್ಲಿ ಭಾರತ್ ಜೋಡೋ ಯಾತ್ರೆಗೆ ಹೊರಟ ರಾಹುಲ್ ಗಾಂಧಿಯ ಟೀ ಶರ್ಟಿನ ಬೆಲೆ ₹41,257 ಅಂತ ಬಿಜೆಪಿ ಲೆಕ್ಕ ಕೊಟ್ಟಿತು.

ಆದರೆ ಪ್ರಶ್ನೆಗಳ ಜಾತಿ ನೋಡಿ. ವಾಚು ಯಾರು ಕೊಟ್ಟರು? ಸೂಟಿನ ಬೆಲೆ ಎಷ್ಟು? ಬಡವರ ಪರ ಅನ್ನೋರು ಇದನ್ನ ಹಾಕಬಹುದಾ? ಕೆಲವು ಬಾಲಿಶ ಇರಬಹುದು, ಆದರೂ ಎಲ್ಲವೂ ದುಡ್ಡು ಮತ್ತು ಅಧಿಕಾರದ ಪ್ರಶ್ನೆಗಳು. ಹೆಣ್ಣಿನ ವಿಷಯದಲ್ಲಿ ಕೇಳೋದು ಬೇರೆ. ಗರ್ಗೇಶ್ವರಿ ಘಟನೆಯ ಮುಂದಿನ ತಿಂಗಳೇ ಉತ್ತರ ಪ್ರದೇಶದ ಬಿಜೆಪಿ ಸಂಸದ ಹರೀಶ್ ದ್ವಿವೇದಿ, ಪ್ರಿಯಾಂಕಾ ಗಾಂಧಿ ದೆಹಲಿಯಲ್ಲಿ ಜೀನ್ಸ್ ಹಾಕ್ತಾರೆ, ಹಳ್ಳಿಗೆ ಬಂದರೆ ಸೀರೆ ಉಟ್ಟು ಸಿಂಧೂರ ಇಡ್ತಾರೆ ಅಂದರು. ಅದೇ ವರ್ಷ ಮೇ ತಿಂಗಳಲ್ಲಿ ಮಿಮಿ ಚಕ್ರವರ್ತಿ, ನುಸ್ರತ್ ಜಹಾನ್ ಪ್ಯಾಂಟ್ ಹಾಕಿಕೊಂಡು ಸಂಸತ್ತಿನ ಎದುರು ಫೋಟೋ ತೆಗೆಸಿಕೊಂಡಿದ್ದಕ್ಕೆ ಟ್ರೋಲ್ ಆದರು. ಇಲ್ಲಿ ಬಟ್ಟೆಯನ್ನ ಓದೋದು ಚಾರಿತ್ರ್ಯದ ಸರ್ಟಿಫಿಕೇಟ್ ಥರ.

ಹೊರಗೂ ಇದೇ ಕತೆ. 2017ರ ಮಾರ್ಚ್‌ನಲ್ಲಿ ಬ್ರೆಕ್ಸಿಟ್ ಬಿಸಿಯಲ್ಲಿ ಬ್ರಿಟನ್ ಪ್ರಧಾನಿ ತೆರೇಸಾ ಮೇ ಮತ್ತು ಸ್ಕಾಟ್ಲೆಂಡಿನ ನಿಕೋಲಾ ಸ್ಟರ್ಜನ್ ಭೇಟಿಯಾದಾಗ 'ಡೈಲಿ ಮೇಲ್' ಮುಖಪುಟದ ವಿಷಯ ಇಬ್ಬರ ಕಾಲುಗಳು. ಆಸ್ಟ್ರೇಲಿಯಾದ ಟಿವಿ ನಿರೂಪಕ ಕಾರ್ಲ್ ಸ್ಟೆಫಾನೊವಿಕ್, ಸಹನಿರೂಪಕಿಯ ಬಟ್ಟೆ ಬಗ್ಗೆ ಬರೋ ಪತ್ರಗಳನ್ನ ನೋಡಿ ಬೇಸತ್ತು, ಒಂದು ವರ್ಷ ಒಂದೇ ನೀಲಿ ಸೂಟ್ ಹಾಕಿ ಬಂದ. ಯಾರೂ ಗಮನಿಸಲಿಲ್ಲ ಅಂತ 2014ರಲ್ಲಿ ಅವನೇ ಹೇಳಿದ.

ಇನ್ನು ಅಂಕಿಅಂಶ. ಅಮೆರಿಕದಲ್ಲಿ 2013ರಲ್ಲಿ 1,500 ಮತದಾರರ ಮೇಲೆ ನಡೆದ ಒಂದು ಸಮೀಕ್ಷೆ, ಅಭ್ಯರ್ಥಿ ಹೆಣ್ಣಿನ ರೂಪ, ಉಡುಪಿನ ವರ್ಣನೆ ಹೊಗಳಿಕೆಯಾಗಿದ್ದರೂ ಆಕೆಗೆ ಪೆಟ್ಟು ಕೊಡುತ್ತೆ ಅಂದಿತು. ಈ ಚರ್ಚೆಯಲ್ಲಿ ಎಲ್ಲರೂ ಇದನ್ನೇ ಉಲ್ಲೇಖಿಸ್ತಾರೆ. ಆದರೆ ಮರುವರ್ಷ ಡ್ಯಾನಿ ಹೇಯ್ಸ್, ಜೆನಿಫರ್ ಲಾಲೆಸ್, ಗೇಲ್ ಬೈಟಿಂಗರ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು. ರೂಪದ ಬಗ್ಗೆ ಕೆಟ್ಟದಾಗಿ ಬರೆದರೆ ಗಂಡಿಗೂ ಹೆಣ್ಣಿಗೂ ಬೀಳೋ ಪೆಟ್ಟು ಒಂದೇ, ಅಲ್ಲಿನ 2010ರ ಸಂಸತ್ ಚುನಾವಣೆಯ ವರದಿಗಳಲ್ಲಿ ಹೆಣ್ಣಿನ ರೂಪದ ಬಗ್ಗೆ ಹೆಚ್ಚೇನೂ ಬರೆದಿರಲಿಲ್ಲ ಅಂತ. ನಮ್ಮ ವಾದಕ್ಕೆ ಹೊಂದಲ್ಲ ಅಂತ ಎರಡನೆಯದನ್ನ ಮುಚ್ಚಿಡೋದು ಸರಿಯಲ್ಲ.

ಎರಡನ್ನೂ ಇಟ್ಟುಕೊಂಡು ನನ್ನ ಲೆಕ್ಕ ಹೀಗೆ. ಬಟ್ಟೆಯ ಒಂದು ಸಾಲಿನಷ್ಟೇ ಮುಖ್ಯ, ಅದರ ಸುತ್ತ ಬೇರೆ ಎಷ್ಟು ಸಾಲುಗಳಿವೆ ಅನ್ನೋದು. ಸಿದ್ದರಾಮಯ್ಯನವರ ಬಗ್ಗೆ ದಿನಕ್ಕೆ ಇಪ್ಪತ್ತು ಸುದ್ದಿ ಬರುತ್ತೆ. ಅದರಲ್ಲೊಂದು ಪಂಚೆಯ ಬಗ್ಗೆ ಇದ್ದರೆ ಏನೂ ಆಗಲ್ಲ. ಗರ್ಗೇಶ್ವರಿಯ ಆ ಕಾರ್ಯಕರ್ತೆ ದೇಶದ ಕಣ್ಣಿಗೆ ಬಿದ್ದದ್ದು ಒಂದೇ ಸಲ. ಅದು ದುಪಟ್ಟಾಕ್ಕೇ ಖರ್ಚಾಯಿತು. 2023ರಲ್ಲಿ ನಮ್ಮ ವಿಧಾನಸಭೆಗೆ ಗೆದ್ದವರು 224ರಲ್ಲಿ 10 ಹೆಣ್ಣುಮಕ್ಕಳು. ಇಷ್ಟು ಕಡಿಮೆ ಇರುವಾಗ ಒಂದೊಂದು ಸಾಲೂ ತೂಗುತ್ತೆ.

ಹಾಗಾದರೆ ಬರೆಯಲೇಬಾರದಾ?

ಬರೆಯಬೇಕು. ಬಟ್ಟೆ ರಾಜಕೀಯ ಅಲ್ಲ ಅಂತ ಹೇಳೋಕೆ ಈ ಸೀಮೆಯವರಿಗಂತೂ ಆಗಲ್ಲ. ಪಕ್ಕದ ನಂಜನಗೂಡು ತಾಲ್ಲೂಕಿನಲ್ಲೇ ಬದನವಾಳು ಇದೆ. ಅಲ್ಲಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧಿ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಬದನವಾಳು ಸತ್ಯಾಗ್ರಹ ಮಾಡಿದ್ದು ಅಲ್ಲೇ. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಯಾತ್ರೆಯ ನಡುವೆ ಹೋಗಿ ಕೂತದ್ದೂ ಅಲ್ಲೇ. ನೂಲಿನ ಬಗ್ಗೆ ಬರೆಯದೆ ಬದನವಾಳಿನ ಬಗ್ಗೆ ಬರೆಯೋದು ಹೇಗೆ?

ಅದೇ ನಂಜನಗೂಡು ತಾಲ್ಲೂಕಿನ ಕವಲಂದೆಯಲ್ಲಿ 2023ರ ಡಿಸೆಂಬರ್ 22ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹಿಜಾಬ್ ನಿಷೇಧ ವಾಪಸ್ ಪಡೆಯೋ ಮಾತಾಡಿದರು. ಉಡೋದು ತಿನ್ನೋದು ಅವರವರ ಇಷ್ಟ, ನಾನು ಪಂಚೆ ಜುಬ್ಬ ಹಾಕ್ತೀನಿ, ನೀವು ಪ್ಯಾಂಟ್ ಶರ್ಟ್ ಹಾಕ್ತೀರಿ, ಅದರಲ್ಲೇನು ತಪ್ಪು ಅನ್ನೋದು ಅವರ ಮಾತಿನ ಸಾರ. ಮರುದಿನ ಅದು 'ಇನ್ನೂ ಪರಿಶೀಲನೆ' ಆಯಿತು. ಈ ವಿವಾದದಲ್ಲಿ ಕಲಬುರಗಿ ಉತ್ತರದ ಶಾಸಕಿ ಕನೀಜ್ ಫಾತಿಮಾ ಹೆಸರು ಬರುತ್ತೆ. 2022ರಲ್ಲಿ ಅವರು ತಾವೇ ಬೀದಿಗಿಳಿದು, ಹಿಜಾಬ್ ಹಾಕಿಕೊಂಡೇ ಸದನಕ್ಕೆ ಹೋಗ್ತೀನಿ ಅಂದವರು. 2023ರಲ್ಲಿ ಮತ್ತೆ ಗೆದ್ದರು. ಅವರ ಹಿಜಾಬ್ ಬಗ್ಗೆ ಬರೆಯೋದು ತಾರತಮ್ಯ ಅಲ್ಲ, ಅದು ಅವರೇ ಆರಿಸಿಕೊಂಡ ರಾಜಕೀಯ. ಆದರೆ ಅವರ ಕ್ಷೇತ್ರದ ಚರಂಡಿ ಸುದ್ದಿಯಲ್ಲೂ 'ಹಿಜಾಬ್ ಶಾಸಕಿ' ಅಂತ ಬರೆದರೆ ಅದು ನಮ್ಮ ಸೋಮಾರಿತನ.

ಗೆರೆ ಎಳೆಯೋದು ಹೇಗೆ? ಎಂಜಿನಿಯರಿಂಗ್ ಓದಿದ್ದರ ಒಂದು ಚಾಳಿ ನನಗೆ ಉಳಿದಿದೆ. ಸರ್ಕ್ಯೂಟ್ ಕೆಟ್ಟರೆ ಒಂದೊಂದೇ ಭಾಗ ತೆಗೆದು ನೋಡೋದು. ಸುದ್ದಿಗೂ ಹಾಗೇ ಮೂರು ಪರೀಕ್ಷೆ ಮಾಡಬಹುದು.

ಒಂದು, ಬಟ್ಟೆಯ ಸಾಲು ತೆಗೆದುಹಾಕಿ. ಸುದ್ದಿಗೆ ಏನೂ ಆಗದಿದ್ದರೆ ಆ ಸಾಲು ಬೇಕಿರಲಿಲ್ಲ. ಹ್ಯೂಬ್ಲೋ ಸುದ್ದಿಯಿಂದ ವಾಚು ತೆಗೆದರೆ ಸುದ್ದಿಯೇ ಇರಲ್ಲ, ಅದು ಪಾಸು. ಬದನವಾಳಿನಿಂದ ಖಾದಿ ತೆಗೆಯೋಕಾಗಲ್ಲ, ಅದೂ ಪಾಸು. ಪ್ರಚಾರಕ್ಕೆ ಬಂದ ಅಭ್ಯರ್ಥಿ 'ಹಸಿರು ಸೀರೆಯಲ್ಲಿ ಮಿಂಚಿದರು' ಅನ್ನೋದು ಫೇಲು.

ಎರಡು, ಆಕೆಯ ಜಾಗದಲ್ಲಿ ಗಂಡಸನ್ನ ಇಟ್ಟು ಓದಿ. 'ಬಿಳಿ ಅಂಗಿಯಲ್ಲಿ ಸರಳ ಸುಂದರನಾಗಿ ಕಂಗೊಳಿಸಿದ ನೀರಾವರಿ ಸಚಿವರು' ಅಂತ ಓದಿ ನಗು ಬಂದರೆ, ಮೊದಲನೆಯದಕ್ಕೂ ನಗಬೇಕಿತ್ತು.

ಮೂರನೆಯದೇ ಮುಖ್ಯ. ಆಕೆಯ ಮಾತು ಎಲ್ಲಿದೆ? ಬಟ್ಟೆಯ ಮೇಲಿದೆಯಾ, ಕೆಳಗಿದೆಯಾ, ಇಲ್ಲವೇ ಇಲ್ಲವಾ? ಗರ್ಗೇಶ್ವರಿಯ ಸುದ್ದಿ ಮೊದಲೆರಡರಲ್ಲಿ ಹೇಗೋ ಪಾಸಾಗಬಹುದು. ಇದರಲ್ಲಿ ಫೇಲು. ನಾನು ಬರೆದ ಇಳಕಲ್ ಸೀರೆಯೂ ಅಷ್ಟೇ. ನವಲಗುಂದದ ಕಸೂತಿ ಮಾಡೋ ಹೆಣ್ಣುಮಕ್ಕಳಿಗೆ ದಿನಕ್ಕೆ ಎಷ್ಟು ಕೂಲಿ ಅಂತ ಬರೆದಿದ್ದರೆ ಅದು ಒಳ್ಳೆ ಸುದ್ದಿಯಾಗ್ತಿತ್ತು. ನಾನು ಬರೆದದ್ದು ಬಣ್ಣ.

'ಮೀಟಿಂಗ್ ಸೀರೆ'

ಸೋಮನಾಥಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದವರು. ಈ ಲೇಖನ ಬರೆಯುವಾಗ ಫೋನ್ ಮಾಡಿ, ಚಿಕ್ಕಮ್ಮ, ನಿಮ್ಮನ್ನ ಯಾರಾದ್ರೂ ಬಟ್ಟೆ ಬಗ್ಗೆ ಅಂದಿದ್ರಾ ಅಂತ ಕೇಳಿದೆ. ನಕ್ಕರು.

"ಅನ್ನದೇ ಏನ್ ಮಗ? ಹಳೇ ಸೀರೆ ಉಟ್ಕೊಂಡೋದ್ರೆ ಮೆಂಬರ್ ನೋಡು ಹೆಂಗ್ ಬಂದವ್ಳೆ ಅನ್ನೋರು. ಒಸಾದು ಉಟ್ಕೊಂಡೋದ್ರೆ ಪಂಚಾಯ್ತಿ ದುಡ್ಡು ಅನ್ನೋರು. ಅದ್ಕೇ ಒಂದ್ ಸೀರೆ ಎತ್ತಿಟ್ಟಿದ್ದೆ. ಒಸಾದೂ ಅಲ್ಲ, ಅಳೇದೂ ಅಲ್ಲ. ಮೀಟಿಂಗ್ ಸೀರೆ."

ಐದು ವರ್ಷ ಆ ಒಂದು ಸೀರೆ. ಅವರ ಜೊತೆ ಕೂರುತ್ತಿದ್ದ ಗಂಡು ಸದಸ್ಯರು ಏನು ಹಾಕ್ತಿದ್ದರು ಅಂದೆ. "ಅದ್ಯಾರ್ ನೋಡ್ತಾರೆ ಬುಡಪ್ಪ" ಅಂದರು. ಆಮೇಲೆ ತಾವಾಗಿಯೇ ಸೇರಿಸಿದರು, "ನಮ್ಮೂರ್ ಟ್ಯಾಂಕ್ ಕಟ್ಸಿದ್ದು ನಾನೇ ಕಣ್ ಮಗ. ಅದ್ನ ಬರಿ."

ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಶೇ. 50 ಮೀಸಲಾತಿಗೆ ಕರ್ನಾಟಕ ಕಾನೂನು ತಿದ್ದಿದ್ದು 2010ರಲ್ಲಿ. ಅಂದರೆ ಇಂಥ ಚಿಕ್ಕಮ್ಮಂದಿರು ಊರೂರಲ್ಲಿ ಇದ್ದಾರೆ, ಸಾವಿರಾರು ಜನ. ಶಾಸನಸಭೆಯ ಮೂರನೇ ಒಂದು ಭಾಗದ ಕಾಯ್ದೆ 2023ರಲ್ಲೇ ಪಾಸಾಯಿತು. ಅದರ ಜಾರಿಯನ್ನ ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಗಂಟು ಹಾಕಿದ್ದಾರೆ. ಅದು ಬಂದ ದಿನ, ಇವತ್ತಿನ 224ರ ಲೆಕ್ಕದಲ್ಲೇ ಸುಮಾರು 75 ಹೆಣ್ಣುಮಕ್ಕಳು ವಿಧಾನಸಭೆಯಲ್ಲಿ ಕೂರ್ತಾರೆ. ಅವರಲ್ಲಿ ಅನೇಕರು ಪಂಚಾಯಿತಿಯಿಂದಲೇ ಮೇಲೆ ಬರೋರು. ಪ್ರಮಾಣವಚನದ ದಿನ ನಮ್ಮ ಕ್ಯಾಮೆರಾ ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಆಗ ಯೋಚಿಸಿದರೆ ತಡವಾಗುತ್ತೆ.

ಇದೇ ಹಳೇ ಮೈಸೂರು ಜಿಲ್ಲೆಯ ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದರು, ರಾಜ್ಯದ ಮೊದಲ ಮಹಿಳಾ ಸ್ಪೀಕರ್. ಆ ಪೀಠದ ಕೆಲಸವೇ ಸದನದಲ್ಲಿ ಯಾರು ಯಾವಾಗ ಮಾತಾಡಬೇಕು ಅಂತ ತೀರ್ಮಾನಿಸೋದು. ಅದಾಗಿ ನಲವತ್ತು ವರ್ಷದ ಮೇಲೆ, ಅಲ್ಲಿಂದ ದೂರವೇನೂ ಇಲ್ಲದ ಗರ್ಗೇಶ್ವರಿಯಲ್ಲಿ ಒಬ್ಬ ಹೆಣ್ಣುಮಗಳ ಕೈಯಿಂದ ಮೈಕ್ ಹೋಯಿತು.

ಶಾಸಕರು ಜನರ ಕೈಗೆ ಸಿಗ್ತಿದ್ದಾರಾ ಇಲ್ಲವಾ ಅನ್ನೋ ಆಕೆಯ ದೂರು ನಿಜವಾ, ಅದಕ್ಕೆ ಆಮೇಲೆ ಏನಾಯಿತು? ಒಂದು ವಾರ ಬಿಟ್ಟು ಒಬ್ಬ ವರದಿಗಾರ ಬಸ್ ಹತ್ತಿ ಹೋಗಿದ್ದರೆ ಗೊತ್ತಾಗ್ತಿತ್ತು. ನಾನೂ ಹೋಗಲಿಲ್ಲ. ವಿಡಿಯೊ ಮಾತ್ರ ಅವತ್ತು ನಾಲ್ಕು ಸಲ ನೋಡಿದ್ದೆ.